ಕೂತು ಕಚ್ಚಿದ ಹಲ್ಲು

ತಿಪಟೂರಿನಲ್ಲಿದ್ದ ನಮ್ಮ ಹಲ್ಲಿನ ಡಾಕ್ಟರಮ್ಮನಿಗೆ ಆತುರವೆಂಬುದೇ ಇರಲಿಲ್ಲ. ಹುಳುಕು ಕೆರೆದು ಹಲ್ಲು ತುಂಬಿದ ಮೇಲೆ, ಹಲ್ಲುಗಳ ನಡುವೆ ಬಣ್ಣ ಹತ್ತುವ ನೀಲಿ ಕಾಗದವಿಟ್ಟು, "ಇನ್ನೊಂದ್ಸಲ ಕಚ್ಚಿ" ಎನ್ನುತ್ತಿದ್ದರು. ಬಣ್ಣ ಗಾಢವಾಗಿ ಹತ್ತಿದ ಕಡೆ ಎತ್ತರ ಹೆಚ್ಚಿದೆಯೆಂದು ಚೂರೇ ಚೂರು ಉಜ್ಜುತ್ತಿದ್ದರು.

ಬೇರೆ ಕಡೆ ಕೀಳಲೇಬೇಕು ಎಂದಿದ್ದ, ಕೊಬ್ಬರಿ ವ್ಯಾಪಾರಿಯಾದ ನನ್ನ ದವಡೆಹಲ್ಲನ್ನೂ ಹಾಗೆಯೇ ತುಂಬಿದರು. ಮುಗಿಯಿತೆಂದು ಎದ್ದು ಕೂತೆ.

"ಇನ್ನೊಂದ್ಸಲ ಕಚ್ಚಿ, ಸಾರ್."

"ಈಗ್ತಾನೆ ಕಚ್ಚಿದ್ನಲ್ಲಮ್ಮ."

"ಅದು ಮಲಗಿದ್ದಾಗ. ಮಲ್ಕೊಂಡು ಊಟ ಮಾಡ್ತೀರಾ?"

ಕೂತು ಕಚ್ಚಿದಾಗ ಒಂದು ಮೂಲೆ ಇನ್ನೂ ಎತ್ತರವಿತ್ತು. ಅದನ್ನೂ ಉಜ್ಜಿದರು.

"ಕೊಬ್ಬರಿ ಒಣಗಿದ್ಯಾ ಅಂತ ಈ ಹಲ್ಲಲ್ಲೇ ಕಚ್ಚಿ ನೋಡೋದಾ?"

ಹೌದೆಂದು ತಲೆಯಾಡಿಸಿದೆ.

"ಅದನ್ನ ಬುಡಿ. ಚಾಕುನಲ್ಲಿ ಕೊಯ್ದು ನೋಡಿ."

ಅವರು ಊರು ಬಿಟ್ಟು ವರ್ಷಗಳಾದವು. ಹಲ್ಲು ಅಲ್ಲಾಡಿಲ್ಲ. ಈಗ ಕೊಬ್ಬರಿಯನ್ನು ಚಾಕುವಿನಲ್ಲೇ ಕೊಯ್ಯುತ್ತೇನೆ. ಕೊಯ್ದ ಚೂರನ್ನು ನೆಟ್ಟಗೆ ಕೂತು, ಅದೇ ಹಲ್ಲಿನಲ್ಲಿ ನಿಧಾನವಾಗಿ ಅಗಿಯುತ್ತೇನೆ.