ಅತ್ತಿಯ ಬೆನ್ನು, ನನ್ನ ಕಾಲ್ಗುಣ

ಮೊನ್ನೆ ಕೊಪ್ಪಳದ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ನೀಲಗಿರಿ ಎಣ್ಣೆಯ ವಾಸನೆ ಬಂತು. ಗಂಗಾವತಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅತ್ತಿ ನೆನಪಾದರು. ಅತ್ತಿ ಎಂದರೆ ಅತ್ತೆ; ರಕ್ತಸಂಬಂಧವೇನಿಲ್ಲ, ಓಣಿಗೆಲ್ಲ ಅವರು ಅತ್ತಿ. ಸಂಜೆಯಾದರೆ ಸೊಂಟಕ್ಕೆ ಇದೇ ಎಣ್ಣೆ ತಿಕ್ಕಿಕೊಂಡು ಕಟ್ಟೆಗೆ ಬಂದು ಕೂರುತ್ತಿದ್ದರು…

ನಾನು ಕಾಲು ಮುಂದಾಗಿ ಹುಟ್ಟಿದವನು. ನನಗಿರುವ ವಿಶೇಷ ಅರ್ಹತೆ ಅದೊಂದೇ. ಅಂಥವರು ಕಾಲಿನಿಂದ ಬೆನ್ನು ಸವರಿದರೆ ಹಿಡಿದ ಸೊಂಟ ಬಿಡುತ್ತದೆಂಬ ನಂಬಿಕೆ ನಮ್ಮ ಕಡೆ ಇದೆ. ಅತ್ತಿ ನಮ್ಮ ಪಡಸಾಲೆಯಲ್ಲಿ ಬೋರಲು ಮಲಗುತ್ತಿದ್ದರು. ನಾನು ಮೆಲ್ಲಗೆ ಸವರಿ, ಹಿರಿಯರಿಗೆ ಕಾಲು ತಾಗಿಸಿದ್ದಕ್ಕೆ ಅವರ ಪಾದ ಮುಟ್ಟಿ ನಮಸ್ಕರಿಸುತ್ತಿದ್ದೆ.

ಒಂದು ಸಲ ಕಾಲಿಟ್ಟವನು ತಟ್ಟನೆ ತೆಗೆದುಬಿಟ್ಟೆ. ಅಂಗಾಲಿಗೆ ಬಿಸಿ ಹತ್ತಿತ್ತು. ಬಲ ಪಕ್ಕೆಯ ಹಿಂದೆ ತಾಗಿದ್ದಷ್ಟೇ, ಅತ್ತಿ ಹಲ್ಲು ಕಚ್ಚಿದ್ದರು.

"ಅತ್ತಿ, ಜ್ವರ ಬಂದಾವೇನು?"

"ಬರ್ತಾವ, ಹೋಗ್ತಾವ. ಉಚ್ಚಿ ಉರಿಗೆ ಗುಳಿಗಿ ತಗೊಂಡಿದ್ದೆ. ನೀ ಸುಮ್ಮ ಕಾಲಿಡೋ ತಮ್ಮಾ."

"ಚಳಿ?"

"ಸಂಜೀಕ ನಡುಗಿಸ್ತೈತಿ."

"ಸಕ್ಕರಿ ಕಾಯಿಲಿ ಬ್ಯಾರೆ ಐತಿ ನಿಮಗ. ನಡೀರಿ ದವಾಖಾನಿಗೆ."

"ನಿನಗ ಸೀನು ಬಂದ್ರೂ ದವಾಖಾನಿನೇ ನೆನಪಾಗ್ತೈತಿ."

ಮಾತು ಸುಳ್ಳಲ್ಲ. ನೆಗಡಿಯಾದರೆ ನನ್ನ ನಂತರ ಮನೆ ಯಾರು ನೋಡಿಕೊಳ್ಳುತ್ತಾರೆಂದು ಯೋಚಿಸುವ ಜಾತಿ ನನ್ನದು. ಆದರೂ ಕಾಲಿಡುವುದಿಲ್ಲವೆಂದು ಹಟ ಹಿಡಿದೆ. ಅತ್ತಿ ಸಿಟ್ಟಿನಲ್ಲೇ ನನ್ನ ಜೊತೆ ದವಾಖಾನೆಗೆ ಹೊರಟರು.

ಕೊಪ್ಪಳದಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರಮ್ಮ, ಮೂತ್ರದ ಸೋಂಕು ಮೇಲೇರಿ ಕಿಡ್ನಿಯ ಸುತ್ತ ಕೀವು ಕಟ್ಟಿದೆ ಎಂದರು. ಬರೀ ಗುಳಿಗೆಗೆ ಬಗ್ಗುವುದಲ್ಲ. ತಡವಾದರೆ ನಂಜು ರಕ್ತಕ್ಕೇರಿ ಜೀವಕ್ಕೇ ಅಪಾಯ. ಅತ್ತಿ ನನ್ನ ಕೈ ಹಿಡಿದುಕೊಂಡರು.

"ಕಿಡ್ನಿ ತಗೀತೀರೇನ್ರಿ?"

"ಇಲ್ರಿ ಅಮ್ಮಾ. ಬೆನ್ನಾಗ ಸಣ್ಣ ನಳಿ ಇಟ್ಟು ಕೀವು ಅಷ್ಟ ತಗೀತೀವಿ."

ಸ್ಕ್ಯಾನ್ ನೋಡುತ್ತಲೇ ಸೂಜಿ ಚುಚ್ಚಿ ನಳಿಕೆ ಇಟ್ಟರು. ಕೀವನ್ನು ಪರೀಕ್ಷೆಗೆ ಕಳಿಸಿ, ಯಾವ ಔಷಧಿ ನಾಟುತ್ತದೆಂದು ತಿಳಿದು ಅದೇ ಇಂಜೆಕ್ಷನ್ ಕೊಟ್ಟರು. ನಳಿಕೆಯ ಚೀಲ ತುಂಬುವುದನ್ನು ನೋಡಿ ನಾನು ಬಿಳಿಚಿಕೊಂಡಾಗ ಅತ್ತಿ ನರ್ಸಿಗೆ, "ಮದಲ ಇವಗೊಂದು ಕಾಟ್ ಕೊಡ್ರಿ" ಎಂದರು. ಜ್ವರ ನಿಧಾನವಾಗಿ ಇಳಿಯಿತು… ಮತ್ತೆ ಸ್ಕ್ಯಾನ್ ಮಾಡಿ, ಕೀವು ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ನಳಿಕೆ ತೆಗೆದರು.

ಓಣಿಯಲ್ಲಿ ಅತ್ತಿ ಹೇಳಿಕೊಂಡು ತಿರುಗಿದ್ದೇ ಬೇರೆ. "ಇವನ ಕಾಲ್ಗುಣ ಭಾಳ ಛಲೋ ಐತಿ. ಕಾಲು ಇಟ್ಟಲ್ಲ, ತಗದು ನನ್ನ ಉಳಿಸ್ಯಾನ."

ಆಮೇಲೆ ಹಲವು ವರ್ಷ ಇದ್ದರು. ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಚಿಂತೆ ಮಾಡಲೂ ನನಗೆ ಸಮಯ ಕೊಡಲಿಲ್ಲ.

ಈಗಲೂ ಯಾರಾದರೂ ಸೊಂಟ ನೋವೆಂದರೆ ಸಾಕು, ಜ್ವರ ಬಂದಾವೇನ್ರಿ, ಚಳಿ ಐತೇನ್ರಿ ಎಂದು ಬೆನ್ನು ಹತ್ತುತ್ತೇನೆ. ಈಚೆಗೆ ಯಲಬುರ್ಗಾದ ಒಂದು ಮದುವೆಯಲ್ಲಿ ಹಾಗೆ ಕೇಳಿದ್ದಕ್ಕೆ ಒಬ್ಬರು ಎದ್ದು ಬೇರೆ ಸಾಲಿನಲ್ಲಿ ಕೂತರು. ಅತ್ತಿ ಇದ್ದಿದ್ದರೆ ಅವರನ್ನು ಕರೆದು ಕೂರಿಸಿಕೊಂಡು, ನಾನೇಕೆ ಹೀಗೆ ಎಂಬುದನ್ನು ನಗುನಗುತ್ತ ಹೇಳುತ್ತಿದ್ದರು. ಈಗ ಹೇಳುವವರಿಲ್ಲ…