ಹೊಗೆ ನೋಡಿ ಒತ್ತುವ ಮಾಸ್ತರು

ಇದನ್ನು ಬರೆಯಬೇಕೆಂದು ಕುಳಿತು, ಪೆನ್ನಿನ ಮುಚ್ಚಳ ಹಾಕಿ ಎದ್ದದ್ದು ಎಷ್ಟು ಸಲವೋ. ಇಷ್ಟು ಸಣ್ಣ ಸಂಗತಿ ಹೇಳಿ ಯಾರಿಗೇನು ಪ್ರಯೋಜನ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆ ಸಮಾಧಾನ ಈಗ ಕೆಲಸ ಮಾಡುತ್ತಿಲ್ಲ.

ಕುದುರೆ ರೇಸಿನ ಹಾಳೆಯನ್ನು ಎಲ್ಲರೂ ಎಡಗಡೆಯಿಂದ ಓದುತ್ತಾರೆ. ಗೆದ್ದ ಕುದುರೆ, ಜಾಕಿಯ ಹೆಸರು, ಹಂಚಿದ ದುಡ್ಡು, ಅಲ್ಲಿಗೆ ಓದು ಮುಗಿಯಿತು. ಮಾಸ್ತರು ಮಾತ್ರ ಹಾಳೆ ಕೈಗೆ ಬಂದ ಕೂಡಲೇ ಬಲತುದಿಗೆ ಕಣ್ಣು ಹಾಕುತ್ತಿದ್ದರು. ಕುದುರೆ ಎಷ್ಟು ಹೊತ್ತಿನಲ್ಲಿ ಓಡಿತು ಎನ್ನುವುದು ಅಲ್ಲಿರುತ್ತಿತ್ತು. ಅದನ್ನು ನೋಡಿದ ಮೇಲೆಯೇ, ಬೇಕಿದ್ದರೆ, ಆ ಕುದುರೆಯ ಹೆಸರು ತಿಳಿದುಕೊಳ್ಳುವರು. “ಗೆದ್ದದ್ದು ಸುದ್ದಿ ಮಾರಾಯ. ಟೈಮು ಸತ್ಯ” ಎನ್ನುವುದು ಅವರ ಮಾತು.

ತೊಂಬತ್ತರ ದಶಕದ ನಡುವಿನಲ್ಲಿ ಶಿರಸಿಯ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಅಂಗಡಿಯಿತ್ತು. ಎಸ್‌ಟಿಡಿ, ಫ್ಯಾಕ್ಸ್, ಝೆರಾಕ್ಸ್ ಮೂರೂ ಒಂದೇ ಬೋರ್ಡಿನಲ್ಲಿ. ನಾನು ಬನವಾಸಿ ಕಡೆಯವನು, ಮೆಟ್ರಿಕ್ ಮುಗಿಸಿ ವ್ಯಾಪಾರಕ್ಕೆ ಇಳಿದವನು. ಬೆಂಗಳೂರಿನ ಒಂದು ಏಜೆನ್ಸಿಯವರು ಪ್ರತಿ ಭಾನುವಾರ ಸಂಜೆ ರೇಸಿನ ಫಲಿತಾಂಶವನ್ನು ಫ್ಯಾಕ್ಸ್ ಮಾಡುತ್ತಿದ್ದರು. ನಾನು ಅದನ್ನು ಝೆರಾಕ್ಸ್ ಮಾಡಿ ಊರಿನ ರೇಸು ಹುಚ್ಚಿನವರಿಗೆ ಮಾರುತ್ತಿದ್ದೆ. ಯಲ್ಲಾಪುರದ ಲಾರಿಯವರು, ಅಡಿಕೆ ಮಂಡಿಯ ಗುಮಾಸ್ತರು, ಒಬ್ಬಿಬ್ಬರು ಹೋಟೆಲಿನವರು ನನ್ನ ಗಿರಾಕಿಗಳು. ಸೋಮವಾರ ಬೆಳಗಿನ ಸಿದ್ದಾಪುರದ ಬಸ್ಸಿಗೆ ಕಾನಸೂರಿನಿಂದ ಮಾಸ್ತರು ಬರುತ್ತಿದ್ದರು.

ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿ ಸಿದ್ದಾಪುರ, ಯಲ್ಲಾಪುರ ಸುತ್ತಿ ನಿವೃತ್ತರಾದವರು. ಬಿಳಿ ಪಂಚೆ, ಕಾಲಿಗೆ ಮಾತ್ರ ಕ್ಯಾನ್ವಾಸ್ ಬೂಟು. ಕೊರಳಿನಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಸ್ಟಾಪ್‌ವಾಚು ಅಂಗಿಯ ಒಳಗೆ ಜನಿವಾರದ ಜೊತೆ ತೂಗುತ್ತಿತ್ತು. ಹಿಂದೆ ತರಬೇತಿಗೆ ಹೋದ ಊರಿನಲ್ಲಿ ಬೇಲಿಯಾಚೆ ಕುದುರೆಗಳನ್ನು ಬೆಳಗಿನ ಜಾವ ಓಡಿಸುವುದನ್ನು ನೋಡಿದ್ದರಂತೆ. ಅಂದಿನಿಂದ ಹಿಡಿದ ಹುಚ್ಚು. ನಿಜವಾದ ರೇಸನ್ನು ಅವರು ಕಂಡಿರಲೇ ಇಲ್ಲ. ಒಂದು ರೂಪಾಯಿಯನ್ನೂ ಕಟ್ಟಿದವರಲ್ಲ.

ಯಲ್ಲಾಪುರದ ಲಾರಿ ಮಾಲೀಕನೊಬ್ಬ ಅವರನ್ನು ಕೆಣಕುತ್ತಿದ್ದ. “ಬರೇ ಟೈಮ್ ನೋಡಿದ್ರ ಹೊಟ್ಟಿ ತುಂಬತೈತೇನ್ರಿ ಮಾಸ್ತರ? ನಮಗೂ ಒಂದು ನಂಬರ್ ಹೇಳ್ರಲಾ.”

“ನಂಬರು ಬೇಕಾದ್ರೆ ನಿನ್ನ ಲಾರಿ ಹಿಂದೆ ಬರೆದಿದ್ದು, ನೋಡ್ಕ. ದುಡ್ಡು ಕಟ್ಟಿದವಂಗೆ ಕಣ್ಣು ಕಾಣ್ತಿಲ್ಲೆ” ಎಂದು ಮಾಸ್ತರು ಹಾಳೆಯಿಂದ ತಲೆ ಎತ್ತದೆ ಹೇಳುವರು. ನಮ್ಮೊಡನೆ ಸಾಮಾನ್ಯವಾಗಿ ಎಲ್ಲರಂತೆ ಮಾತಾಡುತ್ತಿದ್ದರು. ಸಿಟ್ಟು ಅಥವಾ ಸಂತೋಷ ಬಂದಾಗ ಮಾತ್ರ ಮನೆಮಾತು ಹೊರಬೀಳುತ್ತಿತ್ತು.

ಪ್ರತಿವರ್ಷ ಶಾಲೆಗಳ ಕ್ರೀಡಾಕೂಟಕ್ಕೆ ಅವರೇ ಮುಖ್ಯ ಸಮಯಪಾಲಕರು. ನಿವೃತ್ತಿಯಾದ ಮೇಲೂ ಜೀಪು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಗುರಿಗೆರೆಯ ಬಳಿ ಒಂದು ಸ್ಟೂಲಿನ ಮೇಲೆ ನಿಂತು, ಮೈದಾನದ ಆ ತುದಿಯಲ್ಲಿರುವ ಪಿಸ್ತೂಲನ್ನೇ ದಿಟ್ಟಿಸುವರು. “ಸದ್ದು ಕೇಳಿ ಒತ್ತಬಾರದು ತಮ್ಮಾ. ಸದ್ದು ನಡ್ಕೊಂಡು ಬರ್ತದೆ. ಹೊಗೆ ನೋಡಿ ಒತ್ತಬೇಕು” ಎಂದು ನನಗೊಮ್ಮೆ ತಿಳಿಸಿ ಹೇಳಿದ್ದರು. ಎರಡನೇ, ಮೂರನೇ ಸ್ಥಾನದವರಿಗೂ ಅವರವರ ಟೈಮನ್ನು ಕರೆದು ಹೇಳುವರು. ಸೋತು ಅಳುತ್ತಿದ್ದ ಹುಡುಗರೂ ಆ ಅಂಕಿ ಕೇಳಿ ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಅವರ ಮಾತಿಗೆ ತಕರಾರು ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಈಗ ಫ್ಯಾಕ್ಸಿನ ವಿಷಯ. ಏಜೆನ್ಸಿಯವರ ಹಾಳೆ ಅಗಲವಾಗಿತ್ತು. ನಮ್ಮ ಮೆಷಿನ್ನಿನಲ್ಲಿ ಬರುವಾಗ ಬಲತುದಿ ಕತ್ತರಿಸಿಹೋಗುತ್ತಿತ್ತು. ಟೈಮಿನ ಕಾಲಮ್ಮು ಒಂದು ವಾರ ಅರ್ಧ ಬಂದರೆ ಇನ್ನೊಂದು ವಾರ ಪೂರಾ ಇಲ್ಲ. ಕೆಲವು ಸಲ ಏಜೆನ್ಸಿಯವರೇ ಅಲ್ಲೊಂದು ಗೆರೆ ಎಳೆದು ಬಿಡುತ್ತಿದ್ದರು. ಉಳಿದ ಗಿರಾಕಿಗಳಿಗೆ ಅಲ್ಲೊಂದು ಕಾಲಮ್ಮಿದೆ ಎಂಬುದೇ ಗೊತ್ತಿರಲಿಲ್ಲ. ಮಾಸ್ತರು ಮಾತ್ರ ಹಾಳೆಯನ್ನು ಮೇಜಿನ ಮೇಲೆ ಕುಟ್ಟುವರು.

“ಎಂತ ಮಾರಾಯ ಇದು! ಕುದುರೆಯ ಅಪ್ಪನ ಹೆಸರು ಬೈಂದು, ಅಜ್ಜನ ಹೆಸರು ಬೈಂದು, ಟೈಮು ಇಲ್ಲೆ! ಫೋನ್ ಹಚ್ಚು.”

ಹಚ್ಚಿದೆ. ಆ ಕಡೆಯ ಹುಡುಗ, “ಟೈಮಿಂಗ್ ಯಾರು ಕೇಳ್ತಾರೆ ಸಾರ್, ಗೆದ್ದಿದ್ದು ಬಂತಲ್ಲ” ಎಂದ. ಮಾಸ್ತರು ನನ್ನ ಕೈಯಿಂದ ರಿಸೀವರ್ ಕಸಿದುಕೊಂಡರು.

“ಏ ಹುಡುಗಾ, ನಿಮ್ಮ ಮನೇಲಿ ಮಗು ಹುಟ್ಟಿದ್ರೆ ಹೊತ್ತು ಬರೆದಿಡ್ತೀರೋ ಇಲ್ಲೋ? ಹೊತ್ತಿಲ್ದೇ ಜಾತಕ ಬರೆಸ್ತೀರಾ?”

ಆತ ಫೋನು ಇಟ್ಟುಬಿಟ್ಟ. ಬೂತಿನಲ್ಲಿ ಕಾದಿದ್ದವರೆಲ್ಲ ನಕ್ಕರು. ಮಾಸ್ತರು ನಗಲಿಲ್ಲ. ಮುಂದಿನ ಸೋಮವಾರ ಮತ್ತೆ ಫೋನು, ಅದರ ಮುಂದಿನ ಸೋಮವಾರವೂ. ಏಜೆನ್ಸಿಯವರು ನಮ್ಮ ದನಿ ಕೇಳಿದರೆ ಫೋನು ಇಟ್ಟುಬಿಡತೊಡಗಿದರು. ಬೂತಿಗೆ ಬಂದವರು ಬೇಸತ್ತು ಎದುರಿನ ಬೂತಿಗೆ ಹೋಗತೊಡಗಿದರು.

ಒಂದು ಭಾನುವಾರ ಸಂಜೆ ಬಲತುದಿ ಮತ್ತೆ ಬೋಳಾಗಿ ಬಂತು. ಬೆಳಗಾದರೆ ಮಾಸ್ತರು ಬರುತ್ತಾರೆ. ನಾನು ಪೆನ್ನು ತೆಗೆದುಕೊಂಡೆ. ಯಾವ ದೂರಕ್ಕೆ ಸುಮಾರು ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದು ಹಾಳೆ ನೋಡಿ ನೋಡಿ ನನಗೂ ತಿಳಿದಿತ್ತು. ಸಾವಿರದ ಇನ್ನೂರು ಮೀಟರಿಗೆ ಒಂದು ನಿಮಿಷ ಹದಿನಾಲ್ಕು ಸೆಕೆಂಡು, ಮುಂದೆ ಒಂದು ಚುಕ್ಕಿ, ಆಮೇಲೆ ಬಾಯಿಗೆ ಬಂದ ಅಂಕಿ. ಹೀಗೆ ಎಲ್ಲ ಪಂದ್ಯಗಳಿಗೂ ಬರೆದು, ಝೆರಾಕ್ಸನ್ನು ಸ್ವಲ್ಪ ಕಪ್ಪಾಗಿ ತೆಗೆದೆ. ಫ್ಯಾಕ್ಸಿನ ಅಂಕಿಗೂ ನನ್ನ ಅಂಕಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಒಂದೇ ಪ್ರತಿ ತೆಗೆದೆ, ಮಾಸ್ತರಿಗಾಗಿ.

“ಹೊಸ ರೋಲ್ ಹಾಕೇನ್ರಿ ಮಾಸ್ತರ, ಈಗ ಪೂರಾ ಬರ್ತೈತಿ ನೋಡ್ರಿ” ಎಂದೆ.

ಅವರು ಹಾಳೆ ನೋಡಿದರು. ಮುಖ ಅರಳಿತು. “ಈಗ ಇದು ಹಾಳೆ! ನೀ ಒಬ್ಬನಾದ್ರೂ ಇದ್ಯಲ ತಮ್ಮಾ!” ಎಂದು ಬೆನ್ನು ತಟ್ಟಿ, ಎದುರಿನ ಹೋಟೆಲಿನಿಂದ ನನಗೆ ಚಹಾ ತರಿಸಿದರು.

ಆ ಚಹಾ ಕುಡಿದ ಮೇಲೆ ನಿಲ್ಲಿಸುವುದು ಕಷ್ಟವಾಯಿತು. ಎರಡು ಮಳೆಗಾಲ ಕಳೆಯುವವರೆಗೂ ಹೀಗೇ ನಡೆಯಿತು. ನನ್ನ ಅಂಕಿಗಳ ಮೇಲೆ ಮಾಸ್ತರು ಕುದುರೆಗಳ ಸ್ವಭಾವವನ್ನೇ ಕಟ್ಟತೊಡಗಿದರು. “ಇದು ಸೋಮಾರಿ ಅಲ್ಲ, ನಾಚಿಕೆ ಸ್ವಭಾವದ್ದು. ಜೊತೆಗೆ ಓಡುವವರು ಹೆಚ್ಚಿದ್ರೆ ಟೈಮು ಬೀಳ್ತದೆ, ನೋಡು.” ನಾನು ಹೂಂಗುಟ್ಟುತ್ತಿದ್ದೆ. ಒಂದು ಹೆಣ್ಣು ಕುದುರೆಯ ಮೇಲೆ ಅವರಿಗೆ ವಿಶೇಷ ಪ್ರೀತಿ. ಅವರ ಸಂತೋಷಕ್ಕೆಂದು ಅದು ಓಡಿದಾಗಲೆಲ್ಲ ಸ್ವಲ್ಪ ಒಳ್ಳೆಯ ಟೈಮನ್ನೇ ಕೊಡುತ್ತಿದ್ದೆ. ಮೊದಮೊದಲು ಅಳುಕುತ್ತಿದ್ದವನು ಆಮೇಲೆ ಅದನ್ನೊಂದು ಉಪಕಾರವೆಂದೇ ತಿಳಿದೆ. ಯಾರ ದುಡ್ಡು ಹೋಗುತ್ತಿತ್ತು? ಮುದುಕರೊಬ್ಬರು ನಗುತ್ತಿದ್ದರು, ಅಷ್ಟೇ.

ಎರಡನೆಯ ವರ್ಷದ ಮಳೆ ಮುಗಿದ ಮೇಲೆ ಒಂದು ಸೋಮವಾರ, ನಾನು ಬಾಗಿಲು ತೆಗೆಯುವ ಹೊತ್ತಿಗೆ ಮಾಸ್ತರು ಚೀಲ ಹಿಡಿದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಬೆಂಗಳೂರಿನ ಬಸ್ಸಿಳಿದು ಮನೆಗೂ ಹೋಗದೆ ಬಂದಿದ್ದರು.

“ತಂಗಿಯ ಮಗಳ ಮದುವೆಗೆ ಹೋಗಿದ್ನಲ. ಊಟ ಬಿಟ್ಟು ರೇಸಿಗೆ ಹೋಗಿಬಿಟ್ಟೆ ಮಾರಾಯ!” ಶಾಲೆ ತಪ್ಪಿಸಿದ ಹುಡುಗನ ಮುಖ. “ಪಕ್ಕದವನ ಹತ್ರ ದುರ್ಬೀನು ಬೇಡಿ ತಗೊಂಡು, ಎಡಗೈಲಿ ಅದು, ಬಲಗೈಲಿ ವಾಚು. ಅಲ್ಲಿ ಹೊಗೆಗಿಗೆ ಇಲ್ಲೆ, ಗೇಟು ತೆಗೆಯದನ್ನೇ ನೋಡಿ ಒತ್ತಬೇಕು. ಎಲ್ಲಾ ರೇಸೂ ಹಿಡಿದೆ!”

ಮದುವೆ ಕರೆಯೋಲೆಯ ಹಿಂಬದಿಯಲ್ಲಿ ಟೈಮುಗಳನ್ನು ಸಾಲಾಗಿ ಬರೆದುಕೊಂಡಿದ್ದರು. ಅಲ್ಲಿ ಪ್ರತಿ ಓಟದ ಅಧಿಕೃತ ಟೈಮನ್ನು ಬೋರ್ಡಿನ ಮೇಲೆ ಹಾಕುತ್ತಿದ್ದರಂತೆ. ಓಟ ಮುಗಿದ ಕೂಡಲೇ ಜನ ಮೈಮೇಲೆ ಬಿದ್ದು ಒಂದೂ ಕಾಣಿಸಲಿಲ್ಲವಂತೆ. “ಅದ್ಕೆಂತ ಬಿಡು, ನಿನ್ನ ಹಾಳೆ ಇದ್ದಲ. ತಾಳೆ ನೋಡುವಾ, ಕೊಡು.”

ಹಿಂದಿನ ಸಂಜೆಯೇ ಬರೆದು, ಝೆರಾಕ್ಸ್ ತೆಗೆದು, ಮಡಚಿ, ಅವರಿಗಾಗಿ ಮೇಜಿನ ಮೇಲೆ ಇಟ್ಟಿದ್ದೆ. ನನ್ನ ಕೈ ಅದರ ಮೇಲೆ ಹೋಗುವ ಮೊದಲೇ ಅವರು ಎತ್ತಿಕೊಂಡಿದ್ದರು.

ಮೊದಲ ರೇಸು ನೋಡಿದರು. ಕನ್ನಡಕ ತೆಗೆದು ಒರೆಸಿದರು. ಎರಡನೆಯದು ನೋಡಿದರು. ಬೆರಳು ಕರೆಯೋಲೆಯಿಂದ ಹಾಳೆಗೆ, ಹಾಳೆಯಿಂದ ಕರೆಯೋಲೆಗೆ ಇಳಿಯುತ್ತಾ ಹೋಯಿತು. ಕೊನೆಗೆ ಬೆಂಚಿನ ಮೇಲೆ ಕುಳಿತರು.

“ಒಂದರಲ್ಲಿ ತಪ್ಪಿದ್ರೆ ಏಜೆನ್ಸಿಯವರದ್ದೇ ತಪ್ಪು ಅನ್ನಬಹುದಿತ್ತು. ಎಲ್ಲದ್ರಲ್ಲೂ ತಪ್ಪಿದೆ” ಎಂದರು.

“ವಾಚ್ ಕೆಟ್ಟಿರಬೇಕ್ರಿ” ಎಂದೆ.

“ಇಲ್ಲ. ವಾಚು ಕೆಟ್ರೆ ಒಂದೇ ಬದಿಗೆ ಕೆಡ್ತದೆ. ಮುಂದೆ ಹೋದ್ರೆ ಮುಂದೆಯೇ, ಹಿಂದೆ ಬಿದ್ರೆ ಹಿಂದೆಯೇ. ಇಲ್ಲಿ ನೋಡು, ಒಂದು ಮುಂದೆ ಒಂದು ಹಿಂದೆ. ಇದು ಕೈ ಕೆಟ್ಟಿದ್ದು.” ಬಲಗೈಯ ಹೆಬ್ಬೆರಳನ್ನು ಮೇಲೆತ್ತಿ, ಬೇರೆ ಯಾರದೋ ಬೆರಳೆಂಬಂತೆ ನೋಡಿದರು. “ತಮ್ಮಾ, ಯನ್ನ ಹೆಬ್ಬೆಟ್ಟು ಸತ್ತೋಯ್ದು.”

ಅವರ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ನನ್ನನ್ನು ನಂಬಿದ್ದೊಂದು ಬಿಟ್ಟರೆ. ಒಂದೇ ಒಂದು ಮಾತು ಸಾಕಿತ್ತು. ಮಾಸ್ತರ, ಆ ಅಂಕಿ ನಾ ಬರದದ್ರಿ, ಅಂದರೆ ಆಗಿತ್ತು. ಬೈಯುತ್ತಿದ್ದರು, ಹಾಳೆ ಹರಿದು ಮುಖಕ್ಕೆ ಎಸೆಯುತ್ತಿದ್ದರು. ಎರಡು ವರ್ಷ ಅವರ ಎದುರು ಕುಳಿತು ಹೂಂಗುಟ್ಟಿದ ಮುಖ ಅದು. ಅದನ್ನು ಉಳಿಸಿಕೊಳ್ಳುವ ಆತುರದಲ್ಲಿ ನಾನು ಹೇಳಿದ್ದು ಬೇರೆ.

“ವಯಸ್ಸಾತಲ್ರಿ ಮಾಸ್ತರ. ಎಲ್ಲಾರಿಗೂ ಆಗೂದ.”

ಅವರು ತಲೆಯಾಡಿಸಿದರು. ಹಾಳೆಯನ್ನು ತೆಗೆದುಕೊಂಡು ಕಾನಸೂರಿನ ಬಸ್ಸು ಹತ್ತಿದರು. ಆಮೇಲಿನ ಸೋಮವಾರಗಳಲ್ಲಿ ಬರಲಿಲ್ಲ.

ಆ ವರ್ಷ ಕ್ರೀಡಾಕೂಟ ಶಿರಸಿಯಲ್ಲೇ ಇತ್ತು. ಕರೆಯಲು ಹೋದವರಿಗೆ ಮಾಸ್ತರು, “ಹುಡುಗರು ವರ್ಷವಿಡೀ ಓಡಿ ತಯಾರಾಗಿ ಬತ್ತ. ನನ್ನ ಹಾಳು ಕೈಗೆ ಅವರ ಓಟ ಸಿಕ್ಕಬಾರದು” ಎಂದು ಹೇಳಿ, ಸ್ಟಾಪ್‌ವಾಚನ್ನೂ ಅವರ ಕೈಗೇ ಕೊಟ್ಟು ಕಳಿಸಿದರು. ಝೆರಾಕ್ಸ್ ಮಾಡಿದ ಪ್ರಮಾಣಪತ್ರಗಳ ಕಟ್ಟು ಕೊಡಲು ನಾನು ಮೈದಾನಕ್ಕೆ ಹೋದಾಗ, ಅವರು ಬೇಲಿಯ ಹೊರಗೆ ಜನರ ನಡುವೆ ನಿಂತಿದ್ದರು. ಹೋಗಿ ಪಕ್ಕದಲ್ಲಿ ನಿಂತೆ. “ಬಂದ್ಯಾ ತಮ್ಮಾ” ಎಂದರು. ಎಂದಿನ ಪ್ರೀತಿಯೇ.

ಹುಡುಗಿಯರ ಎಂಟುನೂರು ಮೀಟರ್ ಓಟ. ಯಲ್ಲಾಪುರ ಕಡೆಯ ಕಾಡಿನೂರಿನ ಹುಡುಗಿಯೊಬ್ಬಳು ಬರಿಗಾಲಿನಲ್ಲಿ ಓಡುತ್ತಿದ್ದಳು. ಎರಡನೆಯ ಸುತ್ತಿಗೆ ಬರುವಾಗ ಅವಳ ಹಿಂದೆ ಯಾರೂ ಕಾಣುತ್ತಿರಲಿಲ್ಲ. ಜನ ಕೂಗುತ್ತಿದ್ದರು. ಮಾಸ್ತರು ಕೂಗಲಿಲ್ಲ. ಅವರ ಬಲಗೈ ಪಂಚೆಯ ಮಗ್ಗುಲಲ್ಲಿ ಮುಷ್ಟಿ ಕಟ್ಟಿತ್ತು. ಹುಡುಗಿಯ ಎದೆ ದಾರಕ್ಕೆ ತಾಗಿದ ಆ ಕ್ಷಣವೇ, ಒಂದು ಕೂದಲಿನಷ್ಟೂ ತಡವಾಗದೆ, ಹೆಬ್ಬೆರಳು ಏನೂ ಇಲ್ಲದ ಮುಷ್ಟಿಯನ್ನು ಒತ್ತಿತು. ನಾನು ನೋಡಿದೆ.

ಒಳಗೆ ಸಮಯ ಹಿಡಿಯುತ್ತಿದ್ದ ಯುವಕ ಕೈಯಲ್ಲಿದ್ದ ವಾಚನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಓಟ ನೋಡುತ್ತಾ ಮೈಮರೆತು ನಿಲ್ಲಿಸಲು ಮರೆತಿದ್ದ. ಹುಡುಗಿ ಏದುಸಿರು ಬಿಡುತ್ತಾ ಅವನ ಮುಂದೆ ಬಂದು ನಿಂತಳು.

“ಸರ್, ನಂದು ಎಷ್ಟು?”

“ಫಸ್ಟ್ ಬಂದೆಯಲ್ಲೇ. ಇನ್ನೇನು ಬೇಕು?”

“ಟೈಮು, ಸರ್.”

ಆತ ಮುಂದಿನ ಓಟಕ್ಕೆ ಹೆಸರು ಕರೆಯತೊಡಗಿದ. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಹುಲ್ಲಿನ ಮೇಲೆ ಹೋಗಿ ಕುಳಿತಳು. ಮಾಸ್ತರು ನನ್ನ ಕಡೆ ತಿರುಗಿದರು. ನಾನು ನಿಜ ಹೇಳುವವನಿದ್ದೆ. ಜನ ಬಹಳ ಇದ್ದಾರೆ, ಇಲ್ಲಿ ಬೇಡ ಎಂದುಕೊಂಡೆ. ಅವರು ಬೇಲಿ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ನಡೆದರು. ಆಮೇಲೆ ನಾನು ಅವರನ್ನು ನೋಡಲಿಲ್ಲ.

ಕಾನಸೂರು ನನ್ನ ಅಂಗಡಿಯಿಂದ ದೂರದ ಊರೇನಲ್ಲ. ಅಷ್ಟನ್ನು ದಾಟಲು ನನಗೆ ವರ್ಷಗಳು ಸಾಲಲಿಲ್ಲ. ಹೊಸ ಶತಮಾನ ಬಂತು, ಮೊಬೈಲು ಬಂತು, ಬೂತು ಮುಚ್ಚಿದೆ. ಮಾಸ್ತರು ತೀರಿಹೋದ ಸುದ್ದಿ ಕೇಳಿ ಅವರ ಮನೆಯ ಹದಿಮೂರನೆಯ ದಿನದ ಊಟಕ್ಕೆ ಹೋದೆ. ಮಾಸ್ತರ ಹೆಂಡತಿ ನನ್ನ ಗುರುತು ಹಿಡಿದು, ಹತ್ತಿರ ಬಂದು ಮಾತಾಡಿಸಿದರು.

“ನೀವು ಫ್ಯಾಕ್ಸ್ ಅಂಗಡಿಯವ್ರಲ್ದಾ? ನಿಮ್ಮ ಸುದ್ದಿ ಹೇಳ್ತಿದ್ರು. ಸರಿಯಾಗಿ ಟೈಮು ಕೊಟ್ಟವ ಅವನೊಬ್ಬನೇಯ, ಅಂತ.”

ನಾನು ಕೈಮುಗಿದು, ಪಂಕ್ತಿಯಲ್ಲಿ ಕುಳಿತು ಊಟ ಮಾಡಿ ಬಂದೆ. ಆ ತಾಯಿಗೂ ಹೇಳಲಿಲ್ಲ.

ಅವರ ಕೈ ಕೆಟ್ಟಿರಲಿಲ್ಲ. ಕೊನೆಯವರೆಗೂ ಸರಿಯಾಗಿತ್ತು. ಅದು ನನಗೊಬ್ಬನಿಗೇ ಗೊತ್ತಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅವರ ವಾಚಿಗೆ ಓಡಿದವರು ಈಗಲೂ ಬಹಳ ಜನ ಇದ್ದಾರೆ. ಇದನ್ನು ಓದಿ, ಯಾವ ಮಾಸ್ತರು ಎಂದು ಅವರು ಕೇಳಬಹುದು. ಊರೆಲ್ಲ ಮಾಸ್ತರು ಎಂದೇ ಕರೆಯುತ್ತಿದ್ದುದರಿಂದ ನನಗೂ ಆ ಮರೆ ಅನುಕೂಲವಾಗಿತ್ತು. ನಾನು ಕ್ಷಮೆ ಕೇಳದೆ ಕಳಿಸಿಕೊಟ್ಟವರ ಹೆಸರು ತಿಮ್ಮಣ್ಣ ಪರಮೇಶ್ವರ ಹೆಗಡೆ.