ಓಬಳೇಶಪ್ಪ ಮೇಷ್ಟ್ರ ನಾಲ್ಕು ಚೀಟಿ

ಚಿಗಟೇರಿ ಸುತ್ತಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಓಬಳೇಶಪ್ಪ ಮೇಷ್ಟ್ರೂ ವಿಜ್ಞಾನದ ನಾನೂ ಹದಿನಾಲ್ಕು ವರ್ಷ ಜೊತೆಗಿದ್ದೆವು. ಪಾಠ ಎಂದರೆ ಅವರಿಗೆ ಹುಚ್ಚು. ನೋಟ್ಸ್ ಬರೆಸಿ ಕೈತೊಳೆದುಕೊಳ್ಳುವ ನನ್ನಂಥವರನ್ನು ಕಂಡರೆ ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಒಳಗೊಳಗೇ ಹೊಟ್ಟೆಕಿಚ್ಚೂ ಇತ್ತು.

ಆ ವರ್ಷ ಹತ್ತನೇ ತರಗತಿಗೆ ಹಿಟ್ಲರನ ಪಾಠ ಬಂದಾಗ ಅವರು ನಾಲ್ಕು ಚೀಟಿ ಬರೆದು ಶಾಲೆಯ ತುಂಬ ಅಡಗಿಸಿದರು. ಒಂದು ಚೀಟಿ ಹೇಳಿದಂತೆ ಮಾಡಿದರೆ ಮಾತ್ರ ಮುಂದಿನದರ ಸುಳಿವು. ಮೊದಲನೆಯದು ನೀರಿನ ಟ್ಯಾಂಕಿನ ಕೆಳಗೆ: ನಿಮ್ಮ ತರಗತಿಗೆ ಏನು ಕಷ್ಟ? ಹಾಜರಾತಿ ಶೀಲ್ಡು ಎಂಟನೇ ತರಗತಿಯ ಪಾಲಾಗಿದ್ದನ್ನು ಮಕ್ಕಳು ಬರೆದರು. ಎರಡನೆಯದು ಗಂಟೆಯ ಹಿಂದೆ: ಕಷ್ಟ ಕಳೆಯಲು ಒಬ್ಬ ನಾಯಕ ಬೇಕು, ಅವನು ಹೇಳಿದ್ದೇ ಆಗಬೇಕು. ಗುರುಶಾಂತನನ್ನು ಆರಿಸಿದರು. ಮೂರನೆಯದು ಬಿಸಿಯೂಟದ ಕೋಣೆಯಲ್ಲಿ: ಕಷ್ಟಕ್ಕೆ ಕಾರಣರಾದ ಒಬ್ಬರ ಹೆಸರನ್ನು ಬೋರ್ಡಿನ ಮೇಲೆ ಬರೆಯಿರಿ.

ಗುರುಶಾಂತ ಹಿಂದುಮುಂದು ನೋಡದೆ ಭರಮಮ್ಮನ ಹೆಸರು ಬರೆದ. ಅವಳ ಅಪ್ಪ ಅವ್ವ ಕುರಿ ಹೊಡೆದುಕೊಂಡು ಊರೂರು ತಿರುಗುವವರು. ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದ ಹುಡುಗಿ, ಕುರಿ ಈಯುವ ಕಾಲಕ್ಕೆ ಕರೆ ಬಂದರೆ ವಾರಗಟ್ಟಲೆ ಗೈರುಹಾಜರು. ಆದರೂ ಆ ಮನೆತನದಲ್ಲಿ ಹತ್ತನೇ ತರಗತಿ ಮುಟ್ಟಿದವಳು ಅವಳೊಬ್ಬಳೇ.

ನಾಲ್ಕನೆಯ ಚೀಟಿ ಭೂಪಟದ ಸುರುಳಿಯಲ್ಲಿತ್ತು: ಆ ಹೆಸರಿನವರು ಹೊರಗೆ ನಿಲ್ಲಲಿ, ಒಪ್ಪದವರು ಅವರ ಜೊತೆ ಹೋಗಿ ನಿಲ್ಲಲಿ. ಒಬ್ಬರಾದರೂ ಎದ್ದೇ ಏಳುತ್ತಾರೆಂದು ಮೇಷ್ಟ್ರು ನಂಬಿದ್ದರು. ಭರಮಮ್ಮ ಒಬ್ಬಳೇ ಎದ್ದು ಹೊರಗೆ ಹೋದಳು. ಅವಳ ಪಕ್ಕವೇ ಕೂರುತ್ತಿದ್ದ ಸೌಭಾಗ್ಯಳೂ ಏಳಲಿಲ್ಲ.

ಮೇಷ್ಟ್ರು ಅದನ್ನೇ ಹಿಡಿದು, ಸರ್ವಾಧಿಕಾರಿ ಹೇಗೆ ಹುಟ್ಟುತ್ತಾನೆಂದು ಗಂಟೆ ಹೊಡೆಯುವವರೆಗೂ ಹೇಳಿದರಂತೆ. ಮಕ್ಕಳು ಚಪ್ಪಾಳೆ ತಟ್ಟಿದ್ದು ಸ್ಟಾಫ್ ರೂಮಿಗೂ ಕೇಳಿಸಿತು. ಆ ಹುರುಪಿನಲ್ಲಿ ಭರಮಮ್ಮನನ್ನು ಒಳಗೆ ಕರೆಯುವುದನ್ನೇ ಅವರು ಮರೆತರು. ಅವಳು ಜಗಲಿಯ ಕಂಬಕ್ಕೆ ಒರಗಿ ನಿಂತದ್ದನ್ನು ನಾನು ನೋಡಿದ್ದೆ. ಏನೋ ತಪ್ಪು ಮಾಡಿರಬೇಕು ಅಂದುಕೊಂಡು ಮುಂದೆ ಹೋದೆ.

ಮರುದಿನದಿಂದ ಅವಳು ಬರಲಿಲ್ಲ. ಮೂರನೆಯ ದಿನ ಅಜ್ಜಿಯನ್ನು ವಿಚಾರಿಸಿ, ಮೇಷ್ಟ್ರು ಬೈಕು ಹತ್ತಿ ಹಿರೇಹಡಗಲಿಯ ಆಚೆ ಹೊಲದಲ್ಲಿ ಬೀಡುಬಿಟ್ಟಿದ್ದ ಕುರಿಮಂದೆಯನ್ನು ಹುಡುಕಿಕೊಂಡು ಹೋದರು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಭರಮಮ್ಮ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಮೇಷ್ಟ್ರು ಕೈಮುಗಿದೇಬಿಟ್ಟರು, ಅದು ಬರೀ ಆಟ ಎಂದು ಮತ್ತೆ ಮತ್ತೆ ಹೇಳಿದರು.

'ಆಟ ಅಂತ ನನಗೂ ಗೊತ್ತಿತ್ರಿ ಸಾರ್,' ಅಂದಳು ಅವಳು. 'ಆಟ ಮುಗದ ಮ್ಯಾಲೂ ನನ್ನ ಯಾರೂ ಒಳಗ ಕರೀಲಿಲ್ರಿ.'

ಅಷ್ಟೇ. ಅವಳ ಅವ್ವ ಕೊಟ್ಟ ಚಹಾವನ್ನು ಮೇಷ್ಟ್ರು ಹಾಗೇ ಕೆಳಗಿಟ್ಟು ಬೈಕು ಹತ್ತಿದರು. ಇನ್ನೆರಡು ಸಲ ಹೋದರು. ಕೊನೆಯ ಸಲಕ್ಕೆ ಮಂದೆ ಸಿರುಗುಪ್ಪದ ಗದ್ದೆಗಳ ಕಡೆ ಹೊರಟುಹೋಗಿತ್ತು. ಪರೀಕ್ಷೆಗೆ ಅವಳ ನಂಬರು ಬಂತು, ಅವಳು ಬರಲಿಲ್ಲ. ಆಮೇಲೆ ಮೇಷ್ಟ್ರು ಚೀಟಿ ಬರೆಯಲಿಲ್ಲ. ನನ್ನ ಹಾಗೇ ನೋಟ್ಸ್ ಬರೆಸತೊಡಗಿದರು. ನನಗೆ ಗೆದ್ದೆ ಅನ್ನಿಸಬೇಕಿತ್ತು, ಅಳು ಬಂತು.

ಹೋದ ವರ್ಷ ಅವರ ನಿವೃತ್ತಿ ಸಮಾರಂಭಕ್ಕೆ ಹಳೆಯ ವಿದ್ಯಾರ್ಥಿಗಳು ಬಂದಿದ್ದರು. ಕೊಟ್ಟೂರಿನಲ್ಲಿ ಗೊಬ್ಬರದ ಅಂಗಡಿ ನೋಡಿಕೊಳ್ಳುವ ಗುರುಶಾಂತ ಮೈಕು ಹಿಡಿದು, ಅಂಥ ಪಾಠ ತನ್ನ ಜನ್ಮದಲ್ಲಿ ಕೇಳಿಲ್ಲವೆಂದು ನಾಲ್ಕೂ ಚೀಟಿಗಳನ್ನು ಅಕ್ಷರ ತಪ್ಪದೆ ಒಪ್ಪಿಸಿದ. ಹಾರ ಹಾಕಿಕೊಂಡು ಕುಳಿತಿದ್ದ ಮೇಷ್ಟ್ರು ತಲೆಯೆತ್ತಿದರು.

'ಬೋರ್ಡಿನ ಮ್ಯಾಲ ಯಾರ ಹೆಸರು ಬರದಿದ್ದಿ, ಗುರುಶಾಂತ?'

ಅವನು ತಲೆ ಕೆರೆದುಕೊಂಡು ನಕ್ಕ. 'ಯಾರೋ ಕುರಿಯೋರ ಹುಡುಗಿ ರೀ ಸಾರ್. ಹೆಸರು ನೆನಪಿಲ್ರಿ.'

ಸಭೆಯೂ ನಕ್ಕಿತು. ಮೇಷ್ಟ್ರು ಭರಮಮ್ಮ ಅಂದರು. ಅವರ ಮುಂದೆ ಮೈಕಿರಲಿಲ್ಲ, ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸಿತು. ನಾನು ಎದ್ದು ಆ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬಹುದಿತ್ತು. ಏಳಲಿಲ್ಲ.